ಬಿಸಿಲಿನಲ್ಲಿ ಬರುವ ಹೊಳೆ

ನಮ್ಮ ಕಡೆ ಹೊಳೆ ಮಳೆಯ ಜೊತೆ ಬರುವುದಿಲ್ಲ. ನಂಜನಗೂಡು ನನ್ನ ತವರು, ತಿ. ನರಸೀಪುರ ಸೇರಿದ ಮನೆ. ಎರಡೂ ಕಪಿಲೆಯ ದಡ. ಎರಡೂ ಊರಿನಲ್ಲಿ ನಾನು ಕಂಡ ದೊಡ್ಡ ಪ್ರವಾಹಗಳೆಲ್ಲ ಬಂದದ್ದು ಸೋನೆ ಹನಿದು ನಿಂತು, ನಡುನಡುವೆ ಬಿಸಿಲು ಕಾಣಿಸಿಕೊಳ್ಳುವ ದಿನಗಳಲ್ಲಿ. ಹಿತ್ತಲಲ್ಲಿ ಬಟ್ಟೆ ಒಣಗುತ್ತಿರುತ್ತದೆ, ಬೀದಿಯ ಕೊನೆಯಲ್ಲಿ ನೀರು ಏರುತ್ತಿರುತ್ತದೆ. ಊರಿಗೆ ಹೊಸದಾಗಿ ಬಾಡಿಗೆಗೆ ಬಂದವರು, "ಮಳೆಯೇ ಇಲ್ವಲ್ಲಾ ಅಕ್ಕಾ, ಯಾಕೆ ಮನೆ ಖಾಲಿ ಮಾಡಬೇಕು?" ಎಂದು ಕೇಳುತ್ತಾರೆ. ಅವರ ತಪ್ಪಲ್ಲ. ನೆರೆ ಎಂದರೆ ತಲೆಯ ಮೇಲೆ ಸುರಿಯುವ ಮಳೆ ಎಂದೇ ಎಲ್ಲರ ಲೆಕ್ಕ.

ಕಪಿಲೆ, ಅಂದರೆ ಕಬಿನಿ, ಹುಟ್ಟುವುದು ಕೇರಳದ ವಯನಾಡಿನಲ್ಲಿ. ಮಾನಂದವಾಡಿ ಹೊಳೆ, ಪನಮರಂ ಹೊಳೆ ಎರಡೂ ಕೂಡಿ ಕಬಿನಿಯಾಗುತ್ತವೆ. ಮಂಗಳೂರು, ಉಡುಪಿಯ ಮೀನುಗಾರರಿಗೆ ಕಡಲಿಗೆ ಇಳಿಯಬೇಡಿ ಎಂದು ಹೇಳುವ ದಿನಗಳಲ್ಲೇ, ಅರಬ್ಬೀ ಸಮುದ್ರದ ಅದೇ ಗಾಳಿ ಘಟ್ಟಕ್ಕೆ ಬಡಿದು ವಯನಾಡಿನ ಮೇಲೆ ಸುರಿಯುತ್ತಿರುತ್ತದೆ. ಹಾಗಾಗಿ ಹವಾಮಾನ ಇಲಾಖೆ ಮೈಸೂರು ಜಿಲ್ಲೆಗೆ ಏನು ಹೇಳಿತು ಎಂಬುದರಿಂದ ನಮಗೆ ಹೆಚ್ಚು ಉಪಯೋಗವಿಲ್ಲ. ಜಿಲ್ಲೆಗೆ ಹಸಿರು ಬಣ್ಣ ಹಾಕಿದ ದಿನವೂ ವಯನಾಡಿಗೆ ಕೆಂಪು ಇರಬಹುದು, ನಮ್ಮ ಮನೆಬಾಗಿಲಿಗೆ ಬರುವುದು ಆ ಕೆಂಪು. ಜುಲೈ, ಆಗಸ್ಟ್ ತಿಂಗಳಲ್ಲಿ ನಾನು ಮೊದಲು ನೋಡುವುದು ವಯನಾಡಿನ ಮುನ್ಸೂಚನೆ, ಆಮೇಲೆ ಕೊಡಗಿನದು. ಬಾಣಾಸುರ ಸಾಗರದ ಗೇಟು ತೆಗೆದರು ಎಂಬ ಸುದ್ದಿ ಕಿವಿಗೆ ಬಿದ್ದರೆ ಸಾಮಾನು ಮೇಲೇರಿಸಲು ಅಂದೇ ಅಟ್ಟ ಖಾಲಿ ಮಾಡಲು ಶುರು. ಆ ನೀರು ಇಳಿಯುವುದು ಕಬಿನಿಗೇ.

ಬೀಚನಹಳ್ಳಿಯಲ್ಲಿ ಅಷ್ಟು ದೊಡ್ಡ ಅಣೆಕಟ್ಟೆ ಇದೆಯಲ್ಲ, ತಡೆಯುವುದಿಲ್ಲವೇ? ಇದನ್ನು ಬಹಳ ಜನ ಕೇಳುತ್ತಾರೆ. ಲೆಕ್ಕ ಹಾಕಿ ನೋಡಿದರೆ ಉತ್ತರ ಸಿಗುತ್ತದೆ. 1974ರಲ್ಲಿ ಮುಗಿದ ಕಬಿನಿ ಜಲಾಶಯ ಹಿಡಿಯುವುದು 19.52 ಟಿಎಂಸಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28 ಲೀಟರ್ ನೀರು. 1 ಲಕ್ಷ ಕ್ಯುಸೆಕ್ ಒಂದು ದಿನ ಹರಿದರೆ ಎಂಟೂವರೆ ಟಿಎಂಸಿಗೂ ಹೆಚ್ಚು. ಪೂರ್ತಿ ಬರಿದಾದ ಕಬಿನಿಯೂ ಎರಡೂಕಾಲು ದಿನದಲ್ಲಿ ತುಂಬಿ ತುಳುಕುತ್ತದೆ. ಆದರೆ ಒಳ್ಳೆಯ ಮುಂಗಾರಿನಲ್ಲಿ ಅದು ಜುಲೈನಲ್ಲೇ 2,284 ಅಡಿಯ ಪೂರ್ಣ ಮಟ್ಟ ಮುಟ್ಟಿರುತ್ತದೆ. ಆಮೇಲೆ ಮೇಲಿನಿಂದ ಎಷ್ಟು ಬಂತೋ ಅಷ್ಟನ್ನೂ ಕೆಳಕ್ಕೆ ಬಿಡಲೇಬೇಕು. 2019ರ ಆಗಸ್ಟಿನಲ್ಲಿ ಹೊರಹರಿವು 1 ಲಕ್ಷ ಕ್ಯುಸೆಕ್ ದಾಟಿತ್ತು. ದಾರಿಯಲ್ಲಿ ನುಗು ನೀರೂ ಸೇರಿಕೊಳ್ಳುತ್ತದೆ. ಗುಂಡ್ಲು ಹೊಳೆ ಬಂದು ಕೂಡುವುದು ನಂಜನಗೂಡಿನಲ್ಲೇ.

ತಿ. ನರಸೀಪುರದವರ ಲೆಕ್ಕ ಇನ್ನೂ ಕಷ್ಟದ್ದು. ಇಲ್ಲಿ ಕಪಿಲೆ ಕಾವೇರಿಗೆ ಸೇರುತ್ತದೆ. ಕಾವೇರಿ ತಗ್ಗಿನಲ್ಲಿದ್ದರೆ ಕಪಿಲೆಯ ನೀರು ಸಲೀಸಾಗಿ ಹೋಗುತ್ತದೆ. ಕೊಡಗಿನಲ್ಲೂ ಮಳೆ ಹಿಡಿದು, ಕಾವೇರಿಯ ಅಣೆಕಟ್ಟೆಯಾದ ಕೆಆರ್‌ಎಸ್‌ನಿಂದ ಲಕ್ಷದ ಲೆಕ್ಕದಲ್ಲಿ ಬಿಟ್ಟಾಗ ಕಪಿಲೆಗೆ ಹೋಗಲು ದಾರಿಯಿಲ್ಲ. ಸಂಗಮದಲ್ಲಿ ನಿಂತು, ಹಿಂದಕ್ಕೆ ಒತ್ತಿ, ಗುಂಜಾ ನರಸಿಂಹಸ್ವಾಮಿ ದೇವಸ್ಥಾನದ ಸೋಪಾನಕಟ್ಟೆ ಏರಿ, ಪಕ್ಕದ ಗದ್ದೆ ತೋಟಗಳಿಗೆ ನುಗ್ಗುತ್ತದೆ. 2018ರಲ್ಲೂ 2019ರಲ್ಲೂ ಎರಡೂ ಹೊಳೆ ಒಟ್ಟಿಗೆ ಬಂದವು. ಆದ್ದರಿಂದ ಕಬಿನಿಯ ಅಂಕಿ ಕಡಿಮೆಯಾಯಿತೆಂದು ನಾವು ನಿಟ್ಟುಸಿರು ಬಿಡುವಂತಿಲ್ಲ. ಕೆಆರ್‌ಎಸ್‌ನ ಅಂಕಿಯನ್ನೂ ಪಕ್ಕದಲ್ಲಿಟ್ಟು ನೋಡಬೇಕು. ತಡಿಮಾಲಂಗಿ, ತಲಕಾಡು, ಹೆಮ್ಮಿಗೆ ಕಡೆಯವರಿಗೂ ಇದೇ ಲೆಕ್ಕ.

2018ರಲ್ಲಿ ಅಡುಗೆಮನೆ ಬಾಗಿಲ ಹಿಂಬದಿಯಲ್ಲಿ ಸೀಮೆಸುಣ್ಣದಿಂದ ಬರೆಯಲು ಶುರು ಮಾಡಿದೆ. ಒಂದು ಕಡೆ ಕಬಿನಿ ಬಿಟ್ಟದ್ದು, ಇನ್ನೊಂದು ಕಡೆ ಕೆಆರ್‌ಎಸ್ ಬಿಟ್ಟದ್ದು, ಅದರ ಮುಂದೆ ನಮ್ಮ ಬೀದಿಯಲ್ಲಿ ನೀರು ಎಲ್ಲಿಗೆ ಬಂತು ಎಂಬುದು: ತೆಂಗಿನ ಬುಡ, ಮೂರನೇ ಮನೆಯ ಜಗಲಿ, ನಮ್ಮ ಕೊಟ್ಟಿಗೆ. ಮುಂದಿನ ವರ್ಷ ಹೊಳೆ ಬಂದಾಗ ಆ ಬಾಗಿಲೇ ನಮಗೆ ದಾರಿ ಹೇಳಿತು. ನಂಜನಗೂಡಿನ ಹಳಬರಿಗೆ ಇಂಥದೇ ಒಂದು ಅಳತೆ ಇದೆ, ಹೊಳೆಯಲ್ಲಿರುವ ಹದಿನಾರು ಕಾಲು ಮಂಟಪ. ಕಂಬ ಎಷ್ಟು ಮುಳುಗಿದೆ ಎಂದು ನೋಡಿ, ತೋಪಿನ ಬೀದಿಗೆ ನೀರು ಬರುತ್ತದೋ ಇಲ್ಲವೋ ಎಂದು ನಮ್ಮ ಅಪ್ಪ ಹೇಳುತ್ತಿದ್ದರು. ಅಣೆಕಟ್ಟೆಯ ಅಂಕಿಯನ್ನು ಟಿವಿ ಎಲ್ಲರಿಗೂ ಒಂದೇ ಥರ ಹೇಳುತ್ತದೆ. ಅದು ನಮ್ಮ ಹೊಸ್ತಿಲಿಗೆ ಎಷ್ಟು ಅಡಿ ಎಂಬುದನ್ನು ನಾವೇ ಬರೆದಿಟ್ಟುಕೊಳ್ಳಬೇಕು.

ನೀರು ಬರುವ ದಾರಿಯೂ ಜನ ಅಂದುಕೊಂಡಂತೆ ಅಲ್ಲ. ಎಲ್ಲರ ಕಣ್ಣು ಹೊಳೆಯ ಕಡೆ ಇರುತ್ತದೆ, ನೀರು ಹಿಂದಿನ ಚರಂಡಿಯಿಂದ ಬರುತ್ತದೆ. ಊರಿನ ಚರಂಡಿಗಳೆಲ್ಲ ಹೊಳೆಗೇ ಬಿಟ್ಟಿರುವುದರಿಂದ, ಹೊಳೆ ಏರಿದಾಗ ಅವು ತಿರುಗಿ ಹರಿಯುತ್ತವೆ. ಬಚ್ಚಲ ತೂಬಿನಲ್ಲಿ ಗುಳುಗುಳು ಸದ್ದು, ಕಕ್ಕಸಿನ ಗುಂಡಿ ತುಂಬಿ ಬರುವುದು, ಇವು ಮೊದಲ ಸೂಚನೆ. ಆ ಸದ್ದು ಕೇಳಿದ ಮೇಲೆ ಪಾತ್ರೆ ಪಗಡ ಜೋಡಿಸುತ್ತ ಕೂರಬಾರದು. ಮೇನ್ ಸ್ವಿಚ್ ಇಳಿಸಿ, ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಬಿಚ್ಚಿ, ಹೊರಡಬೇಕು.

ಹೊರಡುವುದು ಬೆಳಕಿರುವಾಗ. ಇದನ್ನು ನಾನು ಯಾರಿಗೆ ಹೇಳಿದರೂ ಒತ್ತಿ ಹೇಳುತ್ತೇನೆ. ಕಬಿನಿಯಲ್ಲಿ ಬೆಳಿಗ್ಗೆ ಬಿಟ್ಟ ನೀರಿನ ಬಲ ನಮಗೆ ಗೊತ್ತಾಗುವುದು ಕತ್ತಲಾದ ಮೇಲೆ. ಕರೆಂಟು ಹೋಗಿರುತ್ತದೆ, ಚರಂಡಿ ಎಲ್ಲಿ ರಸ್ತೆ ಎಲ್ಲಿ ತಿಳಿಯುವುದಿಲ್ಲ. ಮೈಕು ಕಟ್ಟಿದ ಆಟೋ ಮಧ್ಯಾಹ್ನ ಹೇಳಿ ಹೋದರೆ ಸಂಜೆಯೊಳಗೆ ಕಾಳಜಿ ಕೇಂದ್ರಕ್ಕೋ ಮೇಲಿನ ಬೀದಿಯ ನೆಂಟರ ಮನೆಗೋ ಸೇರಿಬಿಡಬೇಕು. ನಮ್ಮತ್ತೆ ಏಳುತ್ತಲೇ ಇರಲಿಲ್ಲ. "ಕಪಿಲಮ್ಮ ನಮ್ಮನ್ನ ಏನೂ ಮಾಡಕಿಲ್ಲ, ನೀವು ಹೋಗಿ" ಎನ್ನುತ್ತಿದ್ದರು. ವಾದ ಮಾಡಿ ಗೆಲ್ಲುವುದು ಆಗಲಿಲ್ಲ. ಕೊನೆಗೆ ದೇವರಮನೆಯ ಪಟಗಳನ್ನೂ ದೀಪದ ಕಂಬಗಳನ್ನೂ ಬುಟ್ಟಿಗೆ ತುಂಬಿ, ಅವರ ಕೈಗೇ ಕೊಟ್ಟು, "ದೇವರನ್ನ ನೀವೇ ತನ್ನಿ ಅತ್ತೆ" ಎಂದೆ. ಎದ್ದು ಬಂದರು. ವಯಸ್ಸಾದವರು ಮನೆ ಬಿಡಲು ಒಪ್ಪದೇ ಹೋಗುವುದು ಹಟದಿಂದಲ್ಲ. ಅವರ ಜೊತೆ ಏನು ಹೊರಟರೆ ಅವರೂ ಹೊರಟಾರು ಎಂದು ಮೊದಲೇ ಯೋಚಿಸಿಡಿ. ಬಿಪಿ, ಸಕ್ಕರೆ ಮಾತ್ರೆ, ಪಹಣಿ, ಆಧಾರ್, ರೇಷನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು ಇವನ್ನೆಲ್ಲ ಜೂನ್ ತಿಂಗಳಲ್ಲೇ ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ ಮೊಳೆಗೆ ನೇತುಹಾಕಿರುತ್ತೇನೆ.

ದನಗಳ ಮಾತು. ಎಲ್ಲವನ್ನೂ ಹೊಡೆದುಕೊಂಡು ಹೋಗಲು ಆಗದಿದ್ದರೆ ಹಗ್ಗವನ್ನಾದರೂ ಬಿಚ್ಚಿ. ಬಿಚ್ಚಿದ ಹಸು ಈಜಿ ಎತ್ತರಕ್ಕೆ ಹೋಗುತ್ತದೆ. ಗೂಟಕ್ಕೆ ಕಟ್ಟಿದ್ದು ನಿಂತಲ್ಲೇ ಸಾಯುತ್ತದೆ.

ನೆರೆಯಲ್ಲಿ ಜೀವ ಹೋಗುವುದು ಮನೆಯೊಳಗಿಗಿಂತ ಹೆಚ್ಚಾಗಿ ರಸ್ತೆಯಲ್ಲಿ, ಸೇತುವೆಯಲ್ಲಿ, ಸ್ನಾನಘಟ್ಟದಲ್ಲಿ. ಮೈಸೂರಿನಿಂದ ನಂಜನಗೂಡಿಗೆ ಬರುವ ಹೆದ್ದಾರಿ ಮಲ್ಲನಮೂಲೆಯಲ್ಲಿ ಮುಳುಗುತ್ತದೆ. 2018, 2019ರಲ್ಲಿ ಅಲ್ಲಿ ಸಂಚಾರವನ್ನೇ ನಿಲ್ಲಿಸಿದ್ದರು. ಸುತ್ತೂರು ಸೇತುವೆಯ ಮೇಲೂ ನೀರು ಬಂದಿತ್ತು. ಬ್ಯಾರಿಕೇಡ್ ಪಕ್ಕ ಸರಿಸಿ, "ಮೊಣಕಾಲುದ್ದ ತಾನೇ" ಎಂದು ಬೈಕು ನುಗ್ಗಿಸುವವರನ್ನು ಕಂಡು ನನ್ನ ಎದೆ ಝಲ್ಲೆಂದಿದೆ. ಅರ್ಧ ಅಡಿ ನೀರು ರಭಸವಾಗಿ ಹರಿಯುತ್ತಿದ್ದರೆ ಗಟ್ಟಿಮುಟ್ಟಾದ ಮನುಷ್ಯನೂ ಕಾಲು ತಪ್ಪಿ ಬೀಳಬಹುದು. ಒಂದು ಅಡಿ ಸಣ್ಣ ಕಾರನ್ನು ತೇಲಿಸುತ್ತದೆ. ಎರಡು ಅಡಿ ಬಹುತೇಕ ಗಾಡಿಗಳನ್ನು ಒಯ್ಯುತ್ತದೆ. ಕೆಂಪು ನೀರಿನಡಿ ಡಾಂಬರು ಉಳಿದಿದೆಯೋ ಕೊಚ್ಚಿಹೋಗಿದೆಯೋ ಮೇಲಿನಿಂದ ಕಾಣುವುದಿಲ್ಲ.

ನನಗೆ ಎಲ್ಲಕ್ಕಿಂತ ಸಂಕಟವಾಗುವುದು ಹರಕೆ ತೀರಿಸಲು ಬಂದವರನ್ನು ನೋಡಿದಾಗ. ಭೀಮನ ಅಮಾವಾಸ್ಯೆ, ಶ್ರಾವಣ ಸೋಮವಾರಗಳು ಬರುವುದು ಹೊಳೆ ತುಂಬುವ ತಿಂಗಳಲ್ಲೇ. ದೂರದಿಂದ ಬಸ್ಸು ಮಾಡಿಕೊಂಡು ನಂಜನಗೂಡಿನ ಶ್ರೀಕಂಠೇಶ್ವರನ ಸನ್ನಿಧಿಗೆ ಬರುತ್ತಾರೆ, ಮಕ್ಕಳ ಮುಡಿ ಕೊಡಿಸುತ್ತಾರೆ, ಒಂದು ಮುಳುಗು ಹಾಕದೆ ಹೋದರೆ ಹರಕೆ ಅರ್ಧವಾಯಿತು ಎಂದು ಕೊರಗುತ್ತಾರೆ. ನಮ್ಮ ಸಂಗಮಕ್ಕೆ ಬರುವವರೂ ಹಾಗೆಯೇ. 1989ರಿಂದ ಇಲ್ಲಿ ಕುಂಭಮೇಳ ನಡೆಯುತ್ತಿದೆ, ನಡೆಯುವುದು ಮಾಘದಲ್ಲಿ. ಆಗ ಹೊಳೆ ಇಳಿದಿರುತ್ತದೆ, ಮಕ್ಕಳೂ ನಿಂತು ಮೀಯಬಹುದು. ಫೆಬ್ರವರಿಯಲ್ಲಿ ನಿಂತ ಮೆಟ್ಟಿಲನ್ನೇ ನೆನಪಿಟ್ಟುಕೊಂಡು ಆಗಸ್ಟಿನಲ್ಲಿ ಕಾಲಿಟ್ಟರೆ ಅಲ್ಲಿ ಮೆಟ್ಟಿಲು ಸಿಗುವುದಿಲ್ಲ, ಸಿಕ್ಕರೂ ಪಾಚಿ, ಅದರಾಚೆ ಸುಳಿ. ಎರಡು ಹೊಳೆ ಕೂಡುವ ಕಡೆ ಮೇಲೆ ಶಾಂತವಾಗಿ ಕಂಡು ಒಳಗೆ ಎಳೆಯುತ್ತದೆ. ಒಂದು ಚೊಂಬು ನೀರು ತಲೆಗೆ ಪ್ರೋಕ್ಷಿಸಿಕೊಂಡರೆ ಸ್ನಾನದ ಫಲವಿದೆ ಎಂದು ನಮ್ಮ ಹಿರಿಯರೇ ಹೇಳಿದ್ದಾರೆ, ನಾನು ಅದನ್ನು ಪೂರ್ಣ ನಂಬುತ್ತೇನೆ.

ಯಾರಾದರೂ ನೀರಿಗೆ ಬಿದ್ದರೆ ಹಿಂದೆಯೇ ಹಾರಬೇಡಿ. ಒಬ್ಬರನ್ನು ಉಳಿಸಲು ಹೋಗಿ ಒಂದೇ ಮನೆಯ ಇಬ್ಬರು ಮೂವರು ಮುಳುಗುವುದು ನಮ್ಮ ದಡಗಳಲ್ಲಿ ಮತ್ತೆ ಮತ್ತೆ ಆಗಿದೆ. ದಡದಲ್ಲಿ ಮಲಗಿ ಸೀರೆ, ಹಗ್ಗ, ಬಿದಿರು ಚಾಚಿ. ಮುಚ್ಚಳ ಬಿಗಿದ ಖಾಲಿ ಪ್ಲಾಸ್ಟಿಕ್ ಕ್ಯಾನು ಎಸೆಯಿರಿ, ಅದು ಮನುಷ್ಯನನ್ನು ತೇಲಿಸುತ್ತದೆ. 112ಕ್ಕೆ ಫೋನ್ ಮಾಡಿ. ಜಿಲ್ಲೆಯ ವಿಪತ್ತು ಸಹಾಯವಾಣಿ 1077.

ನೀರು ಇಳಿದ ಮೇಲಿನ ವಾರವೂ ಅಪಾಯದ್ದೇ. ಮಣ್ಣಿನ ಗೋಡೆ ನೀರಿನಲ್ಲಿ ನಿಂತಿದ್ದು, ಬಿಸಿಲು ಬಿದ್ದ ಎರಡು ಮೂರು ದಿನಕ್ಕೆ ಕುಸಿಯುತ್ತದೆ. ಹಾಗಾಗಿ ಹಳೆಯ ಮನೆಯಲ್ಲಿ ತಕ್ಷಣ ಮಲಗಬಾರದು. ಹಾವು, ಚೇಳು ಒಣಗಿದ ಜಾಗ ಹುಡುಕಿ ಸೌದೆ ರಾಶಿ, ಹಾಸಿಗೆ ಸುರುಳಿಯೊಳಗೆ ಸೇರಿರುತ್ತವೆ, ಕೋಲಿನಿಂದ ತಟ್ಟಿ ಎತ್ತಬೇಕು. ಎಲೆಕ್ಟ್ರಿಷಿಯನ್ ನೋಡಿ ಸರಿ ಎನ್ನುವ ತನಕ ಸ್ವಿಚ್ ಮುಟ್ಟಬಾರದು. ಬಾವಿ, ಬೋರ್‌ವೆಲ್ ನೀರಿಗೆ ಕಕ್ಕಸಿನ ನೀರು ಬೆರೆತಿರಬಹುದು, ಚೆನ್ನಾಗಿ ಕುದಿಸದೆ ಕುಡಿಯಬಾರದು. ಕೆಸರು ಬಾಚುವಾಗ ಬರಿಗಾಲು ಬೇಡ, ಗಾಯವಿದ್ದರಂತೂ ಬೇಡವೇ ಬೇಡ. ಇಲಿ ಜ್ವರ ಬರುವುದು ಆ ಕೆಸರಿನಿಂದಲೇ, ಆಮೇಲೆ ಜ್ವರ ಬಂದರೆ ನೆರೆ ನೀರಿನಲ್ಲಿ ನಡೆದಿದ್ದೆ ಎಂದು ಡಾಕ್ಟರಿಗೆ ಹೇಳಲೇಬೇಕು. ಇನ್ನೊಂದು ಮಾತು, ಮನೆ ತೊಳೆಯುವ ಮುಂಚೆ ಗೋಡೆಯ ಮೇಲಿನ ನೀರಿನ ಗೆರೆ, ಬಿದ್ದ ಗೋಡೆ, ಕೆಟ್ಟ ಧಾನ್ಯ ಎಲ್ಲದರ ಫೋಟೋ ತೆಗೆಯಿರಿ. ಅಚ್ಚುಕಟ್ಟಾಗಿ ತೊಳೆದಿಟ್ಟ ಮನೆಗೆ ಪಂಚನಾಮೆಗೆ ಬಂದವರು ಏನು ತಾನೇ ಬರೆದುಕೊಳ್ಳುತ್ತಾರೆ?

ಎರಡೂ ಊರಿನವರಲ್ಲಿ, ಪುರಸಭೆ ನಗರಸಭೆ ಸದಸ್ಯರಲ್ಲಿ, ಶಾಲೆಯ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ. ಕಬಿನಿ ಎಷ್ಟು ಬಿಟ್ಟಾಗ, ಕೆಆರ್‌ಎಸ್ ಎಷ್ಟು ಬಿಟ್ಟಾಗ ನಿಮ್ಮ ಬೀದಿಗೆ ನೀರು ಬಂತು ಎಂದು ಹಳಬರನ್ನು ಕೇಳಿ. 2018, 2019ರ ಗೆರೆಗಳು ಇನ್ನೂ ಹಲವು ಗೋಡೆಗಳ ಮೇಲಿವೆ. ಆ ಅಂಕಿಯನ್ನು ಪ್ರತಿ ಬೀದಿಯ ಮೊದಲ ಕರೆಂಟು ಕಂಬದ ಮೇಲೆ ದೊಡ್ಡದಾಗಿ, ಕನ್ನಡದಲ್ಲಿ, ಎಣ್ಣೆ ಬಣ್ಣದಲ್ಲಿ ಬರೆಸಿ. ಮುಂಗಾರು ಕೇರಳ ಮುಟ್ಟುವುದು ಜೂನ್ ಮೊದಲ ವಾರದ ಹೊತ್ತಿಗೆ, ಮೇ ತಿಂಗಳಲ್ಲೇ ಈ ಕೆಲಸ ಮುಗಿಯಲಿ.