ಫೋನ್ ಕೂಡಾ ಒಂದು ಬಾಗಿಲು

ಅನ್ಯರ ಮನೆಗೆ ಹೋಗುವವನು ಮೊದಲು ಮನೆಯವರ ಸಮ್ಮತಿ ಪಡೆಯಬೇಕು, ಅವರಿಗೆ ಸಲಾಮ್ ಹೇಳಬೇಕು, ಹಿಂದಿರುಗಲು ಹೇಳಿದರೆ ಹಿಂದಿರುಗಬೇಕು. ಇದು ಪವಿತ್ರ ಕುರ್‌ಆನಿನ ಅನ್ನೂರ್ ಅಧ್ಯಾಯದ 27 ಮತ್ತು 28ನೇ ಸೂಕ್ತಗಳು ಕಲಿಸುವ ಶಿಷ್ಟಾಚಾರ. ಬಾಗಿಲು ತೆರೆದೇ ಇದ್ದರೂ ಸಲಾಮ್ ಹೇಳದೆ ಒಳಗೆ ಕಾಲಿಡಬಾರದೆಂದು ನಮ್ಮ ಮಕ್ಕಳಿಗೂ ಗೊತ್ತು. ಆದರೆ ಫೋನ್ ಕೈಗೆ ಬಂದೊಡನೆ ದೊಡ್ಡವರೂ ಈ ಪಾಠವನ್ನು ಮರೆಯುತ್ತಾರೆ.

ಹೊಸ ಉಪಕರಣ ಬಂದಾಗಲೆಲ್ಲ ಇದು ಧರ್ಮಸಮ್ಮತವೇ, ನಿಷಿದ್ಧವೇ ಎಂಬ ಸಂಶಯ ಏಳುತ್ತದೆ. ಹಿಂದೆ ಧ್ವನಿವರ್ಧಕದ ಕುರಿತೂ ಇದೇ ಚರ್ಚೆ ನಡೆದಿತ್ತು. ನಿಷೇಧಕ್ಕೆ ಪುರಾವೆ ಇಲ್ಲದಿದ್ದರೆ ವಸ್ತುಗಳು ಮೂಲತಃ ಅನುಮತಿಸಲ್ಪಟ್ಟವು ಎಂಬುದು ಫಿಕ್‌ಹ್‌ನ ಪ್ರಸಿದ್ಧ ನಿಯಮ. ಹಾಗಾದರೆ ಫೋನ್ ಇಟ್ಟುಕೊಳ್ಳಬಹುದೇ ಎಂಬುದಕ್ಕಿಂತ ಅದನ್ನು ಬಳಸುವುದು ಹೇಗೆ ಎಂಬುದೇ ನಾವು ಕೇಳಬೇಕಾದ ಪ್ರಶ್ನೆ.

ಮುಫ್ತಿ ಮುಹಮ್ಮದ್ ಶಫೀ (1897-1976) ತಮ್ಮ ಉರ್ದು ತಫ್ಸೀರ್ ‘ಮಆರಿಫುಲ್ ಕುರ್‌ಆನ್’ನಲ್ಲಿ ಇದೇ ಸೂಕ್ತಗಳನ್ನು ವಿವರಿಸುತ್ತಾ ಟೆಲಿಫೋನಿನ ವಿಷಯವನ್ನು ಎತ್ತಿದ್ದಾರೆ. ನಿದ್ದೆಯ ಅಥವಾ ನಮಾಝಿನ ಹೊತ್ತಿನಲ್ಲಿ ತೀವ್ರ ಅಗತ್ಯವಿಲ್ಲದೆ ಫೋನ್ ಮಾಡುವುದು ಅನುಮತಿಯಿಲ್ಲದೆ ಮನೆಯೊಳಗೆ ನುಗ್ಗಿದಷ್ಟೇ ತೊಂದರೆ ಎಂಬುದು ಅವರ ಅಭಿಪ್ರಾಯ. ಪದೇ ಪದೇ ಫೋನ್ ಮಾಡಬೇಕಾದವರೊಡನೆ ಅನುಕೂಲದ ಸಮಯವನ್ನು ಮೊದಲೇ ಕೇಳಿ ತಿಳಿಯಬೇಕು, ದೀರ್ಘ ಮಾತಿದ್ದರೆ ಬಿಡುವಿದೆಯೇ ಎಂದು ವಿಚಾರಿಸಬೇಕು ಎಂದೂ ಅವರು ಬರೆದಿದ್ದಾರೆ. ಈ ಮಾತು ಗಲ್ಫ್‌ನಲ್ಲಿರುವ ನಮ್ಮವರಿಗೆ ಬಹಳ ಅನ್ವಯಿಸುತ್ತದೆ. ಸೌದಿಯಲ್ಲಿ ರಾತ್ರಿ ಹತ್ತಾದಾಗ ಊರಿನಲ್ಲಿ ಹನ್ನೆರಡೂವರೆ. ಆ ಹೊತ್ತಿನಲ್ಲಿ ಫೋನ್ ಬಡಿದರೆ ವಯಸ್ಸಾದ ತಾಯಿಯ ಎದೆ ನಡುಗುವುದು ಸಹಜ.

ಇನ್ನು ಅಪರಿಚಿತರಿಗೆ ಕರೆ ಮಾಡುವಾಗ ಏನು ಮಾಡಬೇಕು? ಹ. ಜಾಬಿರ್(ರ) ಒಮ್ಮೆ ಪ್ರವಾದಿವರ್ಯರ(ಸ) ಬಾಗಿಲು ತಟ್ಟಿದರು. ಯಾರೆಂದು ಕೇಳಿದಾಗ ‘ನಾನು’ ಎಂದರು. ಆ ಉತ್ತರ ಪ್ರವಾದಿಯವರಿಗೆ(ಸ) ಹಿಡಿಸಲಿಲ್ಲವೆಂದು ಬುಖಾರಿಯ ವರದಿಯಲ್ಲಿದೆ. ಆದ್ದರಿಂದ ಸಲಾಮಿನ ಬೆನ್ನಿಗೇ ಹೆಸರು, ಊರು, ನಂಬರ್ ಕೊಟ್ಟವರು ಯಾರು ಎಂಬುದನ್ನು ಹೇಳಿರಿ. ‘ನೀವು ಯಾರು?’ ಎಂದು ಅವರನ್ನೇ ಮೊದಲು ಪ್ರಶ್ನಿಸಬೇಡಿ. ಕರೆ ಮಾಡಿದವನು ಹೆಸರು ಹೇಳಲು ಹಿಂಜರಿದರೆ ಮಾತು ನಿಲ್ಲಿಸುವ ಹಕ್ಕು ಮನೆಯವರಿಗಿದೆ. ಫೋನಿನಲ್ಲಿ ವಂಚಿಸುವವರು ಹೆಚ್ಚಿರುವ ಈ ಕಾಲದಲ್ಲಿ ಮಹಿಳೆಯರೂ ಹಿರಿಯರೂ ಇದನ್ನು ತಿಳಿದಿರಬೇಕು.

ಹ. ಅಬೂ ಮೂಸಾ(ರ) ಖಲೀಫಾ ಉಮರ್‌ರ(ರ) ಬಾಗಿಲಲ್ಲಿ ಮೂರು ಬಾರಿ ಅನುಮತಿ ಕೇಳಿದರು. ಉತ್ತರ ಬರದಿದ್ದಾಗ ಹಿಂದಿರುಗಿದರು. ಪ್ರವಾದಿಯವರು(ಸ) ಕಲಿಸಿದ್ದು ಹಾಗೆಯೇ. ಫೋನ್ ಎತ್ತದವರಿಗೆ ಹತ್ತು ಸಲ ಕರೆ ಮಾಡಿ, ಬಳಿಕ ಜಂಬದವನೆಂದು ದೂರುವುದು ಸರಿಯೇ? ಅವರು ಆಸ್ಪತ್ರೆಯಲ್ಲಿರಬಹುದು, ನಮಾಝಿನಲ್ಲಿರಬಹುದು.

ಅನುಮತಿ ಕೇಳುವ ನಿಯಮ ಬಂದದ್ದೇ ದೃಷ್ಟಿಯ ಕಾರಣದಿಂದ ಎಂದು ಪ್ರವಾದಿವರ್ಯರು(ಸ) ಹೇಳಿದ್ದಾರೆ. ಅವರು ಬಾಗಿಲಿಗೆ ಎದುರಾಗಿ ನಿಲ್ಲದೆ ಬಲಕ್ಕೋ ಎಡಕ್ಕೋ ಸರಿದು ನಿಲ್ಲುತ್ತಿದ್ದರು. ಮುನ್ಸೂಚನೆಯಿಲ್ಲದೆ ವೀಡಿಯೊ ಕರೆ ಮಾಡುವವನು ಬಾಗಿಲಿಗೆ ನೇರವಾಗಿ ನಿಂತು ಒಳಗೆ ಇಣುಕಿದಂತೆ. ಮಾತಾಡುವವರಿಗೆ ತಿಳಿಸದೆ ಅವರ ಸ್ವರವನ್ನು ಇತರರಿಗೆ ಕೇಳಿಸುವುದು ಇನ್ನೊಂದು ತಪ್ಪು. ಒಬ್ಬನು ಸುತ್ತಮುತ್ತ ನೋಡಿ ಹೇಳಿದ ಮಾತು ಅಮಾನತ್ ಎಂದು ಹದೀಸ್ ಎಚ್ಚರಿಸುತ್ತದೆ.

ಕರೆ ಸ್ವೀಕರಿಸುವವರಿಗೂ ಹೊಣೆಯಿದೆ. ಸಂದರ್ಶಕನಿಗೆ ನಮ್ಮ ಮೇಲೆ ಹಕ್ಕಿದೆ. ಬಿಡುವಿದ್ದೂ ಫೋನ್ ಬಡಿಯುತ್ತಲೇ ಇರಲೆಂದು ಬಿಡುವುದನ್ನು ಮುಫ್ತಿ ಶಫೀ ಇಸ್ಲಾಮೀ ನಡತೆಗೆ ವಿರುದ್ಧವೆಂದಿದ್ದಾರೆ. ಬಿಡುವಿಲ್ಲದಿದ್ದರೆ ‘ಬಳಿಕ ಮಾತಾಡೋಣ’ ಎಂದು ನಯವಾಗಿ ತಿಳಿಸಿದರಾಯಿತು. ಆಗ ಕರೆ ಮಾಡಿದವರು ಬೇಸರಪಡಬಾರದು. ಹಿಂದಿರುಗಲು ಹೇಳಿದರೆ ಹಿಂದಿರುಗುವುದೇ ನಿಮಗೆ ಹೆಚ್ಚು ಪರಿಶುದ್ಧವೆಂದು ಅಲ್ಲಾಹನೇ ಕಲಿಸಿದ್ದಾನೆ.

ಸಹೋದರ ಸಹೋದರಿಯರೇ, ಇಂದು ಬಾಗಿಲು ಪ್ರತಿಯೊಬ್ಬರ ಕಿಸೆಯಲ್ಲಿದೆ. ಅದನ್ನು ತಟ್ಟುವ ಮುನ್ನ ಒಳಗಿರುವವರ ನೆಮ್ಮದಿಯನ್ನು ನೆನೆಯಿರಿ. ನಮ್ಮಿಂದ ಯಾರ ಮನೆಗೂ ತೊಂದರೆಯಾಗದಂತೆ ಅಲ್ಲಾಹನು ನಮ್ಮನ್ನು ಅನುಗ್ರಹಿಸಲಿ, ಆಮೀನ್.