ಟ್ರಂಕಿನಲ್ಲಿರುವ ಇತಿಹಾಸ

ಇತಿಹಾಸದ ಮೊದಲ ಪಾಠದಲ್ಲಿ ಆಧಾರಗಳನ್ನು ಓದಿದ್ದೀರಿ: ಶಾಸನ, ನಾಣ್ಯ, ಸ್ಮಾರಕ, ಗ್ರಂಥ. ಮನೆಯ ಟ್ರಂಕಿನಲ್ಲಿರುವ ಕಸೂತಿ ಬಟ್ಟೆಯೂ ಆಧಾರವೇ ಎಂದು ನಾನು ತರಗತಿಯಲ್ಲಿ ಹೇಳಿದಾಗ ಕೆಲವರು ನಕ್ಕರು. ಅದಕ್ಕೇ ಈ ಬರಹ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆ ಆಫ್ರಿಕಾ ಮೂಲದ ಸಿದ್ದಿ ಜನರಿದ್ದಾರೆ. ಅವರ ಹೆಂಗಸರು ಮನೆಯವರು ಉಟ್ಟು ಹಳತಾದ ಬಟ್ಟೆಯ ತುಂಡುಗಳನ್ನು ಸೇರಿಸಿ ಕೌದಿ ಹೊಲಿಯುತ್ತಾರೆ. ನಮ್ಮ ಕಡೆ ಬೊಂತೆ ಎನ್ನುತ್ತೇವಲ್ಲ, ಅದೇ ಜಾತಿಯದು. ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತುತ್ತಾ ನಡುವಿಗೆ ಬರುತ್ತದೆ. ಮೂಲೆಗಳಿಗೆ ‘ಫೂಲ’ ಎಂಬ ಮಡಿಸಿದ ಬಟ್ಟೆಯ ಹೂ ಇಡುತ್ತಾರೆ. ಅದಿಲ್ಲದ ಕೌದಿ ಬೆತ್ತಲೆಯಂತೆ! ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ. ಕೆಲವು ಕೌದಿಗಳಲ್ಲಿ ಅರ್ಧಚಂದ್ರ, ಕೆಲವದರಲ್ಲಿ ಶಿಲುಬೆ. ಹೊಲಿಯುವ ರೀತಿ ಮಾತ್ರ ಒಂದೇ. 2011ರಲ್ಲಿ ಇವು ನ್ಯೂಯಾರ್ಕಿನಲ್ಲಿ ಪ್ರದರ್ಶನಗೊಂಡವು.

ನಮ್ಮ ಮನೆಯ ಬಟ್ಟೆ ಅಷ್ಟು ದೂರ ಹೋಗಬೇಕಿಲ್ಲ. ಆದರೆ ಯಾರ ಕೈಯದು ಎಂದು ಗೊತ್ತಿರಬೇಕು. ನಮ್ಮಲ್ಲಿ ಒಂದು ದಿಂಬಿನ ಗವುಸಿದೆ. ಅದರ ಗುಲಾಬಿ ಅರ್ಧ ಕೆಂಪು, ಅರ್ಧ ಕಿತ್ತಳೆ. ಹಿಂಬದಿ ತಿರುಗಿಸಿ ನೋಡಿದೆ. ಕೆಂಪು ಭಾಗದಲ್ಲಿ ಒಂದೂ ಗಂಟಿಲ್ಲ, ಕಿತ್ತಳೆಯಲ್ಲಿ ಗಂಟೋ ಗಂಟು. ಅಂದರೆ ಎರಡು ಕೈ! ಅಮ್ಮಿಯನ್ನು ಕೇಳಿದರೆ, ನಾನಿಯ ತಂಗಿ ತನ್ನ ಮದುವೆಗೆಂದು ಶುರು ಮಾಡಿದ್ದಳಂತೆ. ನಡುವೆಯೇ ಜ್ವರದಲ್ಲಿ ತೀರಿಕೊಂಡಳು. ಉಳಿದದ್ದನ್ನು ನಾನಿ ಮುಗಿಸಿದರು. ಆ ಹುಡುಗಿಯ ಒಂದು ಫೋಟೋ ಕೂಡ ನಮ್ಮಲ್ಲಿಲ್ಲ. ಅವಳದೆಂದು ಉಳಿದಿರುವುದು ಆ ಅರ್ಧ ಗುಲಾಬಿ. ಅಮ್ಮಿಗೆ ನೆನಪಿರದಿದ್ದರೆ ಅದೂ ಬರೀ ಹಳೆ ಗವುಸು.

ಇಂಥ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ತೇವ ಒಳಗೇ ಉಳಿಯುತ್ತದೆ. ಒಗೆದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ. ಆಗಾಗ ತೆಗೆದು ಮಡಿಕೆ ಬದಲಿಸಿ, ಇಲ್ಲದಿದ್ದರೆ ಮಡಿಕೆಯ ಗೆರೆಯಲ್ಲೇ ಹರಿಯುತ್ತದೆ. ರೇಷ್ಮೆ ದಾರಕ್ಕೆ ವಾಷಿಂಗ್ ಸೋಡಾ, ಬ್ಲೀಚು, ಸುಡುಬಿಸಿಲು ಆಗದು. (ರಾಮನಗರದ ರೀಲರ್‌ಗಳ ಮಕ್ಕಳಿಗೆ ಇದನ್ನು ನಾನು ಹೇಳಬೇಕೆ?) ಒಗೆಯುವ ಮೊದಲು ಒದ್ದೆ ಬಿಳಿ ಬಟ್ಟೆಯನ್ನು ಹಿಂಬದಿಯ ಒಂದು ಮೂಲೆಗೆ ಒತ್ತಿ, ಬಣ್ಣ ಬಿಡುತ್ತದೆಯೇ ನೋಡಿ. ಹೆಸರಿನ ಚೀಟಿಯನ್ನು ಪೆನ್ಸಿಲಿನಲ್ಲಿ ಬರೆದಿಡಿ. ಗುಂಡುಪಿನ್ನು ಚುಚ್ಚಬೇಡಿ, ತುಕ್ಕು ಹಿಡಿಯುತ್ತದೆ.

ಈ ರಜೆಗೆ ಇದೇ ಕೆಲಸ. ಮನೆಯ ಒಂದು ಬಟ್ಟೆ ಆರಿಸಿ, ಯಾರು ಹಾಕಿದ್ದು, ಯಾವಾಗ, ಯಾರಿಗಾಗಿ ಎಂದು ಹಿರಿಯರನ್ನು ಕೇಳಿ. ಉರ್ದುವಿನಲ್ಲಿ ಹೇಳಿದರೆ ಅವರ ಮಾತನ್ನೇ ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ. ಬಟ್ಟೆಯನ್ನು ಕಾಲೇಜಿಗೆ ತರುವುದು ಬೇಡ. ಎರಡೂ ಬದಿಯ ಫೋಟೋ ಮತ್ತು ಒಂದು ಪುಟದ ಬರಹ ಸಾಕು.