ಲೀಟರಿಗೆ ಐದು ರೂಪಾಯಿ

ನಮ್ಮ ಕೊಟ್ಟಿಗೆಯಲ್ಲಿ ಕರೆಯುವ ಹಸುಗಳು ಎರಡೇ ಆದರೂ, ಅವುಗಳ ಜಮಾಖರ್ಚನ್ನು ಬರೆಯುವ ಭಾರ ನನ್ನ ಮೇಲೆ ಬಿದ್ದಂದಿನಿಂದ, ಸರ್ಕಾರವು ಹಾಲು ಉತ್ಪಾದಕರಿಗೆ ಕೊಡುವ ಪ್ರೋತ್ಸಾಹಧನವೆಂಬ ದ್ರವ್ಯದ ಸ್ವಭಾವವನ್ನು ಕುರಿತು ಆಲೋಚಿಸುವ ಪ್ರಸಂಗ ನನಗೆ ಪದೇ ಪದೇ ಒದಗಿದೆ. 2008ರಲ್ಲಿ ಲೀಟರಿಗೆ 2 ರೂಪಾಯಿಯಂತೆ ಆರಂಭವಾಗಿ, 2013ರಲ್ಲಿ 4ಕ್ಕೂ ಅನಂತರ 5ಕ್ಕೂ ಏರಿದ ಈ ಧನವು, ಡೇರಿಯ ಬಟವಾಡೆಯೊಡನೆ ಬಾರದೆ, ಖಜಾನೆಯಿಂದ ಆಧಾರ್ ಜೋಡಿಸಿದ ಖಾತೆಗೆ ನೇರವಾಗಿ ಬಂದು ಬೀಳತಕ್ಕದ್ದು. ಬೀಳುವ ಕಾಲವನ್ನು ಮಾತ್ರ ಬ್ರಹ್ಮನೇ ಬಲ್ಲ.

ದಿನಕ್ಕೆ 10 ಲೀಟರು ಹಾಕುವ ಮನೆಗೆ ಇದು ತಿಂಗಳಿಗೆ 1,500 ರೂಪಾಯಿ. ಹಿಂಡಿ ಬೂಸಾಗಳ ಬಾಕಿಯನ್ನು ಹಾಲು ಉತ್ಪಾದಕರ ಸಂಘವು ಹಾಲಿನ ಬಿಲ್ಲಿನಲ್ಲಿಯೇ ಮುರಿದುಕೊಳ್ಳುವುದರಿಂದ, ಎಷ್ಟೋ ಮನೆಗಳಲ್ಲಿ ಕೈಗೆ ಉಳಿಯುವ ಲಾಭವೆಂದರೆ ಈ ಹಣವೊಂದೇ. ಆದರೂ ಇದನ್ನು ನೆಚ್ಚಿ ಚೀಟಿಯ ಕಂತು ಕಟ್ಟತೊಡಗಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ತಿಂಗಳುಗಟ್ಟಲೆ ತಡೆದು ಬರುವ ಹಣವನ್ನು ಬಂದಾಗ ಎತ್ತಿಟ್ಟು, ಹಸುಗಳ ವಿಮೆಗೂ, ಹಾಲು ಬತ್ತಿಸಿದ ಎರಡು ತಿಂಗಳ ಮೇವಿಗೂ ಮೀಸಲಿಡುವುದೇ ಸರಿ.

ಇಷ್ಟಕ್ಕೂ, ಬಂದ ಹಣ ಯಾವ ತಿಂಗಳದ್ದೆಂದು ತಿಳಿಯುವ ಬಗೆ ಹೇಗೆ? ಪಾಸ್‌ಬುಕ್ಕಿನಲ್ಲಿ ಉದ್ದನೆಯ ಸಂಖ್ಯೆಯೊಂದು, ಇಂಗ್ಲಿಷಿನ ನಾಲ್ಕಾರು ಅಕ್ಷರ, ಮುಂದೆ ಮೊತ್ತ. ಎಷ್ಟು ಲೀಟರಿಗೆ, ಯಾವ ಮಾಸಕ್ಕೆ ಎಂಬ ಸೊಲ್ಲೇ ಇಲ್ಲ. ಡೇರಿಯ ಚೀಟಿಗಳನ್ನೆಲ್ಲ ದಾರಕ್ಕೆ ಪೋಣಿಸಿಟ್ಟು ಕೂಡಿ ನೋಡಿದವನಿಗೂ ಮೊತ್ತವು ಪೂರ್ತಿ ತಾಳೆಯಾದೀತೆಂಬ ಭರವಸೆಯಿಲ್ಲ.

ಈ ವಿವರವನ್ನು ಕೇಳುವುದಕ್ಕೆ ಕಾನೂನಿನ ಆಧಾರವೂ ಉಂಟು. 2005ರ ಮಾಹಿತಿ ಹಕ್ಕು ಕಾಯ್ದೆಯ ನಾಲ್ಕನೆಯ ಪ್ರಕರಣವು, ಸಹಾಯಧನದ ಕಾರ್ಯಕ್ರಮಗಳಿಗೆ ಹಂಚಿಕೆಯಾದ ಮೊತ್ತವನ್ನೂ ಫಲಾನುಭವಿಗಳ ವಿವರವನ್ನೂ ಯಾರೂ ಅರ್ಜಿ ಹಾಕದೆಯೇ ಪ್ರಕಟಿಸಬೇಕೆಂದು ಸಾರ್ವಜನಿಕ ಪ್ರಾಧಿಕಾರಗಳಿಗೆ ವಿಧಿಸಿದೆ. ಇದಕ್ಕೆ ಪ್ರತಿಯಾಗಿ ಖಾಸಗಿತನದ ವಾದವೊಂದುಂಟು, ಅದು ಹಗುರವಾದುದಲ್ಲ. ಯೂರೋಪಿನ ನ್ಯಾಯಾಲಯವು 2010ರ ನವೆಂಬರಿನಲ್ಲಿ, ಜರ್ಮನಿಯ ಕೃಷಿಕರ ದೂರಿನ ಮೇಲೆ, ಸಹಾಯಧನ ಪಡೆದ ವ್ಯಕ್ತಿಗಳ ಹೆಸರನ್ನು ವಿವೇಚನೆಯಿಲ್ಲದೆ ಪ್ರಕಟಿಸುವ ನಿಯಮವನ್ನು ರದ್ದುಗೊಳಿಸಿತು. ಬಳಿಕ ಅಲ್ಲಿಯವರು ಅಲ್ಪಮೊತ್ತದವರ ಹೆಸರನ್ನು ಮರೆಮಾಡಿ, ಉಳಿದವರ ಪಟ್ಟಿಯನ್ನು ಮತ್ತೆ ಹೊರತಂದರು. ಆದರೆ ನಮ್ಮ ಹಳ್ಳಿಯಲ್ಲಿ ಯಾರ ಕ್ಯಾನಿನಲ್ಲಿ ಎಷ್ಟು ಹಾಲು, ಎಷ್ಟು ಫ್ಯಾಟು ಎಂಬುದನ್ನು ಬೆಳಗೂ ಬೈಗೂ ಸಾಲಿನಲ್ಲಿ ನಿಂತವರೆಲ್ಲರ ಕಿವಿಗೆ ಬೀಳುವಂತೆ ಕೂಗಿ ಹೇಳುವಾಗ, ಲೀಟರಿನ ಮತ್ತು ಪ್ರೋತ್ಸಾಹಧನದ ಪಟ್ಟಿಯನ್ನು ಡೇರಿಯ ಗೋಡೆಗೆ ಅಂಟಿಸಿದರೆ ಯಾರ ಮಾನವೂ ಹೋಗಲಾರದು. ಕೊಟ್ಟಿಗೆಯೇ ಇಲ್ಲದವನ ಹೆಸರಿನಲ್ಲಿ ಹಾಲು ಹರಿದಿದ್ದರೆ ಅದು ಮಾತ್ರ ಹೊರಬಿದ್ದೀತು. ಖಾತೆಯ ಸಂಖ್ಯೆ, ಆಧಾರ್ ಸಂಖ್ಯೆಗಳು ಅಲ್ಲಿ ಸರ್ವಥಾ ಕೂಡದು. ಸದಸ್ಯರ ಹೆಸರು, ತಿಂಗಳು, ಲೀಟರು, ಮಂಜೂರಾದ ಮೊತ್ತ, ಜಮೆಯಾದ ದಿನಾಂಕ, ಇಷ್ಟಿದ್ದರೆ ಸಾಕು. ಹಸುವಿನ ಚಾಕರಿಯನ್ನೆಲ್ಲ ಮಾಡುವ ಹೆಂಗಸರಿಗೆ, ಗಂಡನ ಖಾತೆಗೆ ಬಂದ ಹಣವೆಷ್ಟೆಂದು ತಿಳಿಯುವ ಮಾರ್ಗವೂ ಅದರಿಂದ ತೆರೆದೀತು.

ಸೆಪ್ಟೆಂಬರಿನೊಳಗೆ ನಿಮ್ಮ ಸಂಘದ ಸರ್ವಸದಸ್ಯರ ಸಭೆ ಕೂಡುತ್ತದೆ. ಬೋನಸ್ಸಿನ ಮಾತು ಮುಗಿದೊಡನೆ ಎದ್ದುಹೋಗದೆ, ಈ ಪಟ್ಟಿಯನ್ನು ಕೇಳಿರಿ. ಕೇಳಿದ್ದು ನಡಾವಳಿಯ ಪುಸ್ತಕದಲ್ಲಿ ದಾಖಲಾಗುವಂತೆಯೂ ನೋಡಿಕೊಳ್ಳಿರಿ.